ಎಪ್ಪತ್ತೆರಡೂವರಿ ದಿನ

ನಿಮ್ಮ ಎಪ್ಪತ್ತೆರಡೂವರಿ ದಿನಾನ ಕಂಪ್ಯೂಟರ್ ನುಂಗಿಬಿಟ್ಟೈತ್ರಿ, ಪದ್ಮಕ್ಕಾರ. ಆಗಿದ್ದು ಇಷ್ಟ. ಸುತ್ತು ಬಳಸಿ ಹೇಳಾಕ ನಾ ಬೆಳಗಾಂವದಿಂದ ಗುಂಜಿ ತನಕ ಬಂದಿಲ್ಲ. ಉದ್ಯಮಬಾಗದ ನಮ್ಮ ಫೌಂಡ್ರಿಗೆ ನೀವು ಹೋದ ವರ್ಷ ಬಂದದ್ದು ಎರಡನೂರಾ ಎಪ್ಪತ್ತೂವರಿ ದಿನ. ಪಟ್ಟಿಯೊಳಗ ಬಿದ್ದದ್ದು ನೂರಾ ತೊಂಬತ್ತೆಂಟು. ಎರಡನೂರಾ ನಲವತ್ತು ತುಂಬಲಿಲ್ಲ, ನೀವು ಪರ್ಮನೆಂಟ್ ಆಗಲಿಲ್ಲ, ಇದ್ದ ಕೆಲಸಾನೂ ಹೋತು. ಮುಗೀತು.

ಇಲ್ರಿ, ಮುಗೀತು ಅಂದ್ರ... ಹಂಗಲ್ಲ. ನೀವು ಏಳಬ್ಯಾಡ್ರಿ, ಅಕ್ಕಿ ಹಸನ ಮಾಡ್ಕೋತನ ಕೇಳ್ರಿ. ಚಾ ಬ್ಯಾಡ. ಖರೇ ಬ್ಯಾಡ. ಖಾನಾಪುರದಾಗ ಕುಡದ ಬಂದೇನಿ.

ಆ ಅರ್ಧ ದಿನ? ಅದು ಯಾವುದಂತ ನನಗೂ ತಿಳೀವಲ್ದು. ಹಾಜರಿ ಪುಸ್ತಕದಾಗ ಅರ್ಧ ಅಂತ ಐತಿ, ಅದಕ್ಕ ಅರ್ಧ ಅಂದೆ.

ಯಾಕ ನಗ್ತೀರಿ? ಕಂಪ್ಯೂಟರ್ ನುಂಗೇತಿ ಅಂದದ್ದಕ್ಕ? ನಗ್ರಿ. ಸಿಟ್ಟಿದ್ರ ಬೈರಿ. ನೀವು ಬೈದ್ರ ನನಗೂ ಹಗರ ಆಕ್ಕೈತಿ. ಸುಮ್ಮನ ಮರ ಕೇರಕೋತ ಕುಂತ್ರ ನಾ ಏನಂತ ಮಾತಾಡ್ಲಿ?

ನೋಡ್ರಿ, ಉಳವಪ್ಪ ಮಾಸ್ತರ ಹಾಜರಿ ಬರಿಯೂ ಹೊತ್ತಿನಾಗ ಈ ಫಜೀತಿ ಇದ್ದಿಲ್ಲ. ಗೇಟಿನ ಬಾಜು ಹಲಗಿ, ಹಲಗಿಗೆ ಮೊಳಿ, ಮೊಳಿಗೆ ಹಿತ್ತಾಳಿ ಬಿಲ್ಲೆ. ನೀವು ಬರತಿದ್ರಿ, ನಿಮ್ಮ ನಲವತ್ತೇಳು ನಂಬರ ಬಿಲ್ಲೆ ತಗದು ಡಬ್ಬಿಗೆ ಹಾಕಿ ಒಳಗ ಹೋಗತಿದ್ರಿ. ಮಾಸ್ತರ ಡಬ್ಬಿ ಸುರುವಿ, ಎಣಿಸಿ, ನಂಬರ ನೋಡಿ ಪುಸ್ತಕದಾಗ ಗೆರಿ ಹೊಡಿತಿದ್ದ. ಹೆಸರ ಅಂವಗ ಬೇಕ ಇದ್ದಿಲ್ಲ. ಪದ್ಮವ್ವ ಯಾರು ಅಂದ್ರ ತಲಿ ಕೆರಕೊಳ್ಳಾಂವ, ನಲವತ್ತೇಳು ಅಂದ್ರ 'ಕೋರ್ ಶಾಪಿನಾಕಿ, ಗುಂಜಿಯಾಕಿ, ಗಂಡಗ ಧೂಳಿನ ಕೆಮ್ಮು' ಅಂತ ಪಟ್ಟನ ಹೇಳಾಂವ. ಆದ್ರ ತಿಂಗಳ ಕೊನಿ ಬಂತಂದ್ರ ಮೂರು ದಿನ ಬಾಗಲಾ ಹಾಕ್ಕೊಂಡು ಕುಂದರಾಂವ. ಹಾಜರಿ ಕೂಡಿಸು, ಬಿಲ್ಲು ಬರಿ, ಮಾರಾಟದ ತೆರಿಗಿ ಲೆಕ್ಕ ಬರಿ, ರೊಕ್ಕ ಕೊಡದ ಪಾರ್ಟಿಗಳಿಗೆ ಕಾಗದ ಬರಿ. ಒಂದು ಸಲ ಕೂಡಿಸು, ಲೆಕ್ಕಕ್ಕ ಲೆಕ್ಕ ತಾಳಿ ಬೀಳಲಿಲ್ಲ, ಮತ್ತ ಕೂಡಿಸು. ನಾ ಅವನ ಕೈಕೆಳಗ ನಾಕು ವರ್ಷ ಆ ಮೂರು ದಿನ ಕಂಡೇನಿ. ಕಣ್ಣು ಕೆಂಪಗ, ಬೆರಳಿಗೆ ಶಾಯಿ, ಊಟ ಇಲ್ಲ.

ಆಮ್ಯಾಲೆ ಮಾಲಕರು ಕಂಪ್ಯೂಟರ್ ತಂದ್ರು. ತಂದು ಅರಬಿ ಹೊಚ್ಚಿ ಇಟ್ರು. ಎರಡು ಸಾವಿರ ಇಸ್ವಿ ಹುಟ್ಟಿದ್ರ ಎಲ್ಲಾ ಕಂಪ್ಯೂಟರ್ ಕೆಡತಾವಂತ ಯಾರೋ ಹೆದರಿಸಿದ್ರು. ಇಸ್ವಿ ಹುಟ್ಟಿತು, ಕೆಡಲಿಲ್ಲ. ಆಗ ನಾ ಟಿಳಕವಾಡಿಯಾಗ ಆರು ತಿಂಗಳ ಕ್ಲಾಸಿಗೆ ಹೋದೆ. ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗಬೇಕ್ರಿ, ಗುಡಿಗೆ ಹೋದಂಗ! ನಮ್ಮವ್ವನ ಕಿವಿಯಾನ ಬೆಂಡವಾಲಿ ಒತ್ತಿ ಇಟ್ಟು ಫೀ ಕಟ್ಟೇನಿ.

ಕಲತೆ. ಖರೇ ಹೇಳ್ತೇನಿ, ಅದು ಮಾಯಾನ. ಎರಕದ ತೂಕ ಹಾಕು, ದರ ಹಾಕು, ಬಿಲ್ಲು ತಾನ ಕೂಡಸ್ತೈತಿ. ರೊಕ್ಕ ಬಾಕಿ ಇದ್ದ ನಲವತ್ತು ಪಾರ್ಟಿಗೆ ಒಂದ ಕಾಗದ ಬರದ್ರ ಸಾಕು, ಬಾಜು ಹೆಸರಿನ ಪಟ್ಟಿ ಕೊಟ್ರ ಕೊಲ್ಹಾಪುರದಾಂವಗ ಅವನ ಹೆಸರು, ಹುಬ್ಬಳ್ಳಿಯಾಂವಗ ಅವನ ಹೆಸರು, ಅವರವರ ಬಾಕಿ, ತಾನ ಹಾಕಿ ನಲವತ್ತು ಕಾಗದ ಹೊರಗ ಬರತಾವ. ಮೂರು ದಿನದ ಕೆಲಸ ಮಧ್ಯಾಹ್ನದ ಊಟದೊಳಗ ಮುಗೀತಿತ್ತು. ಮಾಲಕರು ಎಲ್ಲಾರ ಮುಂದ ಅಂದ್ರು, 'ಶಿವಲಿಂಗ ಅಂದ್ರ ನಮ್ಮ ಫೌಂಡ್ರಿಯ ಎರಡನೇ ಭಟ್ಟಿ.' ಆ ಮಾತಿಗೆ ನಾ ಪುರಿ ಉಬ್ಬಿದಂಗ ಉಬ್ಬಿದೆ. ಉಳವಪ್ಪ ಮಾಸ್ತರನ್ನ ಆ ತಿಂಗಳ ಮನಿಗೆ ಕಳಿಸಿದ್ರು. ಅದಕ್ಕೂ ನಾ ಏನೂ ಅನಲಿಲ್ಲ.

ನಿಮ್ಮ ಮಾತಿಗೆ ಬಂದೆ, ಬಂದೆ. ಅವಸರ ಮಾಡಬ್ಯಾಡ್ರಿ.

ನೀವೆಲ್ಲಾ ಕೆಲಸ ನಿಲ್ಲಿಸಿದ ಆ ಸಂಪು ಮುಗದಾಗ ಮಾಲಕರು ಒಪ್ಪಿ ಸಹಿ ಹಾಕಿದ್ರಲ್ಲ? ಹೋದ ವರ್ಷ ಏಪ್ರಿಲ್‌ದಿಂದ ಈ ಮಾರ್ಚ್ ತನಕ ಯಾರು ಎರಡನೂರಾ ನಲವತ್ತು ದಿನ ತುಂಬಸ್ತಾರ, ಅವರು ಪರ್ಮನೆಂಟ್. ಹನ್ನೊಂದು ವರ್ಷ ಉಸುಕು ಎಣ್ಣಿ ಕಲಸಿ, ಎರಕದ ಒಳಗಿಡೂ ಕೋರ್ ಮಾಡಿದ ನಿಮಗ ಅದ ಮೊದಲನೇ ಆಸೆ. ನನಗ ಗೊತ್ತಿಲ್ಲೇನು? ಪರ್ಮನೆಂಟ್ ಆದ್ರ ದವಾಖಾನಿ ಕಾರ್ಡು. ಕಾರ್ಡು ಬಂದ್ರ ನಿಮ್ಮ ಮನಿಯವರ, ಭರಮಣ್ಣನ, ಎದಿ ತೋರಸಾಕ ಬರತೈತಿ. ...ಒಳಗ ಕೆಮ್ಮಾಕತ್ತಾನಲ್ಲ, ನೀರು ಕೊಟ್ಟು ಬರ್ರಿ ಬೇಕಾದ್ರ. ಹ್ಞಾಂ? ಬ್ಯಾಡಂದ್ರ ಬ್ಯಾಡ.

ಶ್ರಾವಣದಾಗ ಮಾಲಕರು ಅಂದ್ರು, 'ಹೆಸರೆಲ್ಲಾ ಎ ಬಿ ಸಿ ಡಿ ಪ್ರಕಾರ ಹಚ್ಚೋ, ಹುಡುಕಾಕ ತ್ರಾಸ ಆಕ್ಕೈತಿ.' ಕಂಪ್ಯೂಟರಿಗೆ ಇದು ಒಂದು ಗುಂಡಿ ಒತ್ತೂ ಕೆಲಸ. ನಾ ಒತ್ತಿದೆ. ಏನಾತು ಹೇಳ್ತೇನಿ. ನಿಮ್ಮ ಕೋರ್ ಶಾಪಿನ ಕಟ್ಟಿ ಮ್ಯಾಲೆ ಬುತ್ತಿ ಡಬ್ಬಿ ಸಾಲಾಗಿ ಇಟ್ಟಿರ್ತೀರಲ್ಲ, ಮುಚ್ಚಳದ ಮ್ಯಾಲೆ ಒಬ್ಬೊಬ್ಬರ ಹೆಸರು ಕೊರಸಿ. ಒಬ್ಬಾಂವ ಬಂದು ಡಬ್ಬಿ ಇದ್ದಲ್ಲೇ ಬಿಟ್ಟು, ಬರೇ ಮುಚ್ಚಳಾ ತಗದು, ಹೆಸರಿನ ಪ್ರಕಾರ ಜೋಡಿಸಿ ಮತ್ತ ಮುಚ್ಚಿದ ಅಂತ ತಿಳ್ಕೋರ್ರಿ. ಮ್ಯಾಲಿಂದ ನೋಡಿದ್ರ ಭಾಳ ಛಂದ. ತಗದ್ರ? ನಿಮ್ಮ ಹೆಸರಿನ ಡಬ್ಬಿಯಾಗ ಯಾರದೋ ತಂಗಳ. ನಿಮ್ಮ ರೊಟ್ಟಿ ಇನ್ನಾರದೋ ಹೆಸರಿನ ಕೆಳಗ. ಹೆಸರು ಅಷ್ಟ ಸರದಾವ್ರಿ. ನಂಬರು, ದಿನ, ಇದ್ದಲ್ಲೇ ಉಳದಾವ. ಮಾಸ್ತರ ಹೋದ ಮ್ಯಾಲೆ ವಾಚಮನ್ ಅವನ ಪುಸ್ತಕದಾಗನ ಗೆರಿ ಹೊಡಿತಿದ್ದ, ಮುಂದಿನ ತಿಂಗಳೂ ನಾ ಅದರಾಗಿನ ಬಿಲ್ಲೆ ನಂಬರ ನೋಡಿ ದಿನ ತುಂಬಿಕೋತ ಹೋದೆ. ಕಾಗದ ಸಾಲಲಿಲ್ಲಂತ ಅಚ್ಚು ಹಾಕುವಾಗ ನಂಬರಿನ ಸಾಲು ಮುಚ್ಚಿ ಬಿಡತಿದ್ದೆ. ಪಗಾರ ನಿಮಗ ಮಿಸ್ತ್ರಿ ಚೀಟಿ ಮ್ಯಾಲೆ ಶನಿವಾರಕ್ಕೊಮ್ಮೆ ಬ್ಯಾರೇನ ಸಿಗತಿತ್ತು, ಅದು ಬರಾಬರಿ ಇತ್ತು. ಅದಕ್ಕ ಯಾರಿಗೂ ಗೊತ್ತಾಗಲಿಲ್ಲ.

ನಿಮ್ಮ ದಿನ ಯಾರಿಗೆ ಹೋಗ್ಯಾವ ಗೊತ್ತೇನ್ರಿ? ಮಾಯಪ್ಪಗ! ಗ್ರೈಂಡಿಂಗ್‌ನ ಮಾಯಪ್ಪ, ಜೂನ್‌ದಾಗ ಜಗಳಾಡಿ ಗೋವಾಕ್ಕ ಓಡಿಹೋದನಲ್ಲ, ಅಂವಾ. ಅಲ್ಲಿ ಮೀನಿನ ಬೋಟಿನಾಗ ಅದಾನಂತ. ನಮ್ಮ ಪಟ್ಟಿಯಾಗ ಅಂವಾ ಎರಡನೂರಾ ಎಪ್ಪತ್ತೂವರಿ ದಿನ ಕೋರ್ ಮಾಡ್ಯಾನ! ನಿಮ್ಮ ಬಾಜು ಕುಂದರತಿದ್ದ ಫಕೀರವ್ವ ಆಷಾಢದಾಗ ತೀರಿಕೊಂಡ್ಲು. ಮಣ್ಣಿಗೆ ನೀವೂ ಹೋಗಿದ್ರಿ, ನಾನೂ ಹೋಗಿದ್ದೆ. ಆಕಿ ಪಟ್ಟಿಯಾಗ ಸಂಕ್ರಮಣದ ತಿಂಗಳ ಇಪ್ಪತ್ತೈದು ದಿನ ಕೆಲಸಕ್ಕ ಬಂದಾಳ್ರಿ. ಒಂದು ಸೂಟೀನೂ ತಗೊಂಡಿಲ್ಲ...

ನಗಬೇಕೋ ಅಳಬೇಕೋ, ಹೇಳ್ರಿ.

ಆ ಬಾಗಲಾ ಹಿಂದ, ಗ್ವಾಡಿ ಮ್ಯಾಲೆ ಕರೇ ಗೆರಿ ಏನ್ರಿ ಅವು? ನಿಮ್ಮ ಮಗಳು ಶೀತಲ ಗೀಚ್ಯಾಳೇನು? ಇಷ್ಟು ದೊಡ್ಡ ಹುಡಿಗಿ ಗ್ವಾಡಿ ಗೀಚೂದಂದ್ರ... ಇರ್ಲಿ ಬಿಡ್ರಿ.

ಹಿಂಗ ದುಡದವರ ದಿನ ಬಿಟ್ಟು ಹೋದವರ ಹೆಸರಿಗೆ, ಸತ್ತವರ ಹೆಸರಿಗೆ ಬಿದ್ದು ಹನ್ನೊಂದು ಮಂದಿ ಹೊರಗ ಉಳದ್ರಿ. ಹನ್ನೊಂದು ಮಂದಿಗೆ ಕೆಲಸ ಇಲ್ಲಂತ ಪತ್ರ. ಆ ಪತ್ರ ಬರದಾಂವ ನಾನ. ಒಂದು ಬರದೆ, ಬಾಜು ಪಟ್ಟಿ ಕೊಟ್ಟೆ. ಹನ್ನೊಂದು ಮಂದಿಗೆ ಸೇರಿ ಎರಡು ನಿಮಿಷ ಹಿಡೀತ್ರಿ. ಉಳವಪ್ಪ ಮಾಸ್ತರ ಇದ್ದಿದ್ರ ಕೈಲೆ ಬರೀಬೇಕಿತ್ತು. ನಲವತ್ತೇಳಕ್ಕ ಬಂದು ಪೆನ್ನು ನಿಲ್ಲಸ್ತಿದ್ದ. 'ಏ, ಈಕಿ ದಿನಾ ಬರತಾಳಲ್ಲೋ' ಅಂತಿದ್ದ. ನಾ ನಿಲ್ಲಸಲಿಲ್ಲ. ನಿಲ್ಲಸಾಕ ಅಲ್ಲಿ ಪೆನ್ನ ಇದ್ದಿಲ್ಲ.

ಈಗ ಬಂದ ಕೆಲಸ ಹೇಳ್ತೇನಿ. ಮಾಲಕರು ಈ ಕಾಗದ ಕೊಟ್ಟು ಕಳಿಸ್ಯಾರ. ಐದು ಸಾವಿರ ಕೊಡ್ತಾರಂತ. ತಮ್ಮ ತಪ್ಪಿಲ್ಲ, ಆದ್ರೂ ಮನುಷ್ಯತ್ವದ ಮ್ಯಾಲೆ ಅಂತಾರ. ಇಲ್ಲಿ ಕೆಳಗ ಸಹಿ. 'ನನ್ನ ಲೆಕ್ಕ ಚುಕ್ತಾ ಆಗೈತಿ, ಹಾಜರಿ ಬಗ್ಗೆ ತಕರಾರಿಲ್ಲ' ಅಂತ ಬರದೈತಿ. ಐದು ಸಾವಿರ ಅಂದ್ರ ಕಡಿಮಿ ಅಲ್ರಿ, ಭರಮಣ್ಣನ ಎದಿದು ಒಂದು ಫೋಟೋ ತಗಸಾಕರೆ...

ಅಯ್ಯ, ಅದರ ಮ್ಯಾಲೆ ಹರಳು ಹಾಕಬ್ಯಾಡ್ರಿ! ಆ ಅಕ್ಕಿಯಾಗಿನ ಹರಳು ಬಾಜು ಹಾಕ್ರಿ, ಕಾಗದ ಹೊಲಸ ಆಕ್ಕೈತಿ. ...ಮತ್ತೊಂದು. ...ಹಾಕ್ರಿ. ಹಾಕ್ರಿ ಬಿಡ್ರಿ. ಅದಕ್ಕ ಅಷ್ಟ ಲಾಯಕ್ಕ ಆ ಕಾಗದ.

ನಾ ಏನ ಮಾಡ್ಲಿ ಅಕ್ಕಾರ? ನನಗ ಗೊತ್ತಾದ್ದ ತಡಾ ಆತು. ಮೊನ್ನೆ ಗೊತ್ತಾತು. ಹೋದ ವಾರ. ಖಂಡೆಪೂಜಿಗೆ ಉಳವಪ್ಪ ಮಾಸ್ತರನ ಹಳೇ ಪುಸ್ತಕ ಒರಸುವಾಗ ಸುಮ್ಮನ ತಗದು ನೋಡ್ತೇನಿ, ಒಂದಕ್ಕೊಂದು ತಾಳಿ...

ಯಾಕ? ಮರ ಯಾಕ ನಿಲ್ಲಿಸಿದ್ರಿ?

...ಹೌದು. ಖಂಡೆಪೂಜಿ ಹೋದ ವಾರ ಇದ್ದಿಲ್ಲ.

ದಸರಾದಾಗ ಗೊತ್ತಾತ್ರಿ. ಆತು? ಹೇಳಿದೆ. ದಸರಾದಾಗ. ಕಂಪ್ಯೂಟರಿಗೆ ಹೂವಿನ ಮಾಲಿ ಹಾಕಿ, ವಿಭೂತಿ ಹಚ್ಚಿ, ಕುಂಬಳಕಾಯಿ ಒಡದ್ವಿ. ಬಾಜು ಹಾಜರಿ ಪುಸ್ತಕಾನೂ ಇಟ್ಟಿದ್ದೆ. ನಂಬರಿಗೆ ನಂಬರ ಹಿಡದು ನೋಡಿದೆ. ಒಂದಕ್ಕೊಂದು ಕೂಡಲಿಲ್ಲ. ಇನ್ನೂ ಆರು ತಿಂಗಳ ಇತ್ರಿ ಮಾರ್ಚಿಗೆ! ಸರಿ ಮಾಡಾಕ ಒಂದು ಮಧ್ಯಾಹ್ನ ಸಾಕಿತ್ತು. ಓಡಿಹೋಗಿ ಮಾಲಕರಿಗೆ ಹೇಳಿದೆ. ಹೇಳಿದೆನ್ರಿ, ದೇವರಾಣಿ ಹೇಳಿದೆ! ಅವರು ಪ್ರಸಾದದ ಪೇಡೆ ತಿನಕೋತ ಪಟ್ಟಿ ನೋಡಿದ್ರು. ಎಷ್ಟು ಮಂದಿ ಕಡಿಮಿ ಆಕ್ಕಾರ ಅಂತ ಬೆರಳ ಮಡಿಚಿದ್ರು. ಆಮ್ಯಾಲೆ ನಕ್ಕರು. 'ಶಿವಲಿಂಗ, ಮಶೀನ ತನ್ನ ಕೆಲಸ ತಾ ಮಾಡೇತಿ. ನೀ ಯಾಕ ನಡಕ ಕೈ ಹಾಕ್ತಿ? ದೀಪಾವಳಿಗೆ ನಿನ್ನ ಪರ್ಮನೆಂಟ್ ಆರ್ಡರ್ ಐತಿ, ಅದನ್ನ ಅಚ್ಚ ಹಾಕ್ಕೊಂಡು ಬಾ, ಸಹಿ ಮಾಡ್ತೇನಿ.'

ನನ್ನ ಆರ್ಡರ್. ನಾನೂ ಟೆಂಪರರಿ ಇದ್ದೆ ಆಗ. ಐದನೇ ವರ್ಷ ಟೆಂಪರರಿ.

ಅಚ್ಚ ಹಾಕ್ಕೊಂಡು ಹೋದೆ.

ಹಿಂಗ ನೋಡಬ್ಯಾಡ್ರಿ. ನಮ್ಮವ್ವನ ಬೆಂಡವಾಲಿ ಇನ್ನೂ ಬಿಡಿಸಿದ್ದಿಲ್ಲ. ತಂಗಿ ಮದವಿ ಗೊತ್ತು ಮಾಡಿದ್ವಿ, ಗಂಡಿನಾವರು ಕೇಳಿದ್ರು, ಹುಡುಗಿ ಅಣ್ಣ ಪರ್ಮನೆಂಟ್ ಅದಾನೇನಂತ. ನಾ ಏನು ಹೊಲ ಇದ್ದಾಂವ? ಒಬ್ಬ ಕಾರಕೂನ. ನಾ ಬಾಯಿ ತಗದಿದ್ರ ಹನ್ನೆರಡನೇ ಪತ್ರ ನನ್ನ ಹೆಸರಿಗೆ ಬರತಿತ್ತು. ಅದನ್ನೂ ನನ್ನ ಕಡಿಂದನ ಬರಸ್ತಿದ್ರು! ಗೊತ್ತೈತೇನ್ರಿ ನಿಮಗ, ಗೊತ್ತಿದ್ದೂ ಸುಮ್ಮನ ಕುಂದರೂದು ಎಂಥಾದ್ದಂತ? ದಿನಾ ಮುಂಜಾನೆ ಕಿಡಕಿಯಾಗಿಂದ ನೋಡ್ತಿದ್ದೆ. ನೀವು ಬಿಲ್ಲೆ ಡಬ್ಬಿಗೆ ಹಾಕತಿದ್ರಿ. ಟಣ್ ಅಂತಿತ್ತು. ನಾ ಹೋಗಿ ಮಾಯಪ್ಪನ ಸಾಲಿನಾಗ ಒಂದು ದಿನ ತುಂಬತಿದ್ದೆ. ಗೊತ್ತಿದ್ದ! ನಿಮ್ಮ ಬೆವರು ಇನ್ನೂ ಆರಿರತಿದ್ದಿಲ್ಲ, ನಾ ಅದನ್ನ ಗೋವಾಕ್ಕ ಕಳಿಸ್ತಿದ್ದೆ.

ಆದ್ರ ಒಂದು ಮಾತು ಕೇಳ್ತೇನಿ, ತಪ್ಪು ತಿಳಿಬ್ಯಾಡ್ರಿ. ನಿಮ್ಮ ತಪ್ಪೂ ಐತಿಲ್ಲ? ಪಟ್ಟಿ ಗೇಟಿಗೆ ಹಚ್ಚಿತ್ತು. ಎಲ್ಲಾರಿಗೂ ಕಾಣತಿತ್ತು. ಶ್ರಾವಣದಾಗ ಹಚ್ಚಿದ್ದೆ, ನಾನ ಅಂಟು ಬಳದು ಹಚ್ಚಿದ್ದೆ. ಆಗ ಮಾಲಕರಿಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ, ನನ್ನ ಆರ್ಡರಿನ ಮಾತೂ ಇದ್ದಿಲ್ಲ. ಆಗ ಒಬ್ಬರರೆ ಬಂದು ಕೇಳಬೇಕಿತ್ತಲ್ಲ! 'ತಮ್ಮಾ, ನನ್ನ ದಿನ ಕಡಿಮಿ ಬಂದಾವ, ಒಂದು ಸಲ ಪುಸ್ತಕ ನೋಡು' ಅಂತ. ನೋಡ್ತಿದ್ದೆ! ಅಲ್ಲೇ ಸಿಗತಿತ್ತು! ಹನ್ನೊಂದು ಮಂದಿಯಾಗ ಒಬ್ಬರೂ ಬರಲಿಲ್ಲ. ಒಬ್ಬರೂ ಕೇಳ...

ಎಲ್ಲಿಗೆ ಹೊಂಟ್ರಿ? ಬಾಗಲಾ ಯಾಕ ಸರಸ್ತೀರಿ? ಬೆಳಕಿಗೇನು?

ಗೆರಿ.

ಇವು ಶೀತಲ ಗೀಚಿದ್ದಲ್ಲ. ಇದು ಕೋರ್‌ಗೆ ಬಳಿಯೂ ಕರೇ ಬಣ್ಣ. ನಿಮ್ಮ ಬೆರಳಿಗೆ ಹತ್ತಿ ಮನಿ ತನಕ ಬರತೈತಲ್ಲ, ಅದ. ದಿನಾ ಬಂದು, ಕೈ ತೊಳಕೊಳ್ಳೂಕಿಂತ ಮೊದಲ...

ಆರು, ಆರು, ಆರು. ಆರಾರು ಗೆರಿ ಒಂದು ಕಟ್ಟು. ಹತ್ತು ಕಟ್ಟು ಒಂದು ಸಾಲು. ಒಂದು, ಎರಡು, ಮೂರು, ನಾಕು ಸಾಲು, ಮತ್ತ ಐದು ಕಟ್ಟು. ನಲವತ್ತೈದು ಕಟ್ಟು. ಎರಡನೂರಾ ಎಪ್ಪತ್ತು. ಬರಾಬರಿ ಐತಿ. ಪುಸ್ತಕಕ್ಕ ಬರಾಬರಿ. ನನ್ನ ಆರು ತಿಂಗಳ ಕ್ಲಾಸು, ಮಾಲಕರ ಕಂಪ್ಯೂಟರ್, ಎಲ್ಲಾ ಸೇರಿ ಮಾಡಲಾರದ್ದನ್ನ ನೀವು ಒಂದು ಬೆರಳಿನ್ಯಾಗ...

ಈ ನಡುವಿಂದು ಏನ್ರಿ? ಇಲ್ಲಿ, ಎರಡನೇ ಸಾಲು ಮುಗಿಯೂದರೊಳಗ. ಯಾವ ಕಟ್ಟಿಗೂ ಸೇರಲಾರದ್ದು, ಒಂದ ಗೆರಿ, ಗಿಡ್ಡಾಗಿ. ಅರ್ಧ. ಓ, ಆ ಅರ್ಧ ದಿನ. ಅವತ್ತು ಜಡ್ಡಿನಾಗಿದ್ರೇನು? ಗಾಡಿ ತಪ್ಪಿತ್ತೇನು? ಶ್ರಾವಣದಾಗ ಬರತೈತಿದು ಲೆಕ್ಕ ಹಾಕಿದ್ರ. ಪಟ್ಟಿ ಹಚ್ಚಿದ ವಾರ.

ಅಕ್ಕಾರ?

ಒಂದು ಮಾತು ಆಡ್ರಿ. ಬೈರಿ. ನನ್ನ ಮಾರಿ ಯಾಕ ಹಂಗ ನೋಡ್ತೀರಿ? ಅವತ್ತೂ ಹಿಂಗ ನಿಂತಿದ್ರಿ, ಕಿಡಕಿ ಹೊರಗ, ಸೆರಗು ಬಾಯಿಗೆ ಹಿಡಕೊಂಡು, ಹಿಂಗ...

...

ನೀವು ಕೇಳಿದ್ರಿ.

ನೀವು ಬಂದಿದ್ರಿ. ಕೋರ್ ಬಿಟ್ಟು, ಮಿಸ್ತ್ರಿಗೆ ಹೇಳಿ, ಕಿಡಕಿಗೆ ಬಂದಿದ್ರಿ. 'ತಮ್ಮಾ, ನನ್ನ ದಿನ ಕಡಿಮಿ ಬಂದಾವ ನೋಡು.' ನಾಕು ಮಂದಿ ಡ್ರೈವರ್‌ಗಳು ನಿಂತಿದ್ರು ಬಿಲ್ಲಿಗೆ. ನಾ... ನಾ ಏನಂದೆ? 'ಅಕ್ಕಾರ, ಕಂಪ್ಯೂಟರಿಗೆ ಸುಳ್ಳು ಹೇಳಾಕ ಬರೂದಿಲ್ಲ. ನೀವ ಎಲ್ಲೋ ಮನಿಯಾಗ ಮಲಗಿ ಮರತಿರಬೇಕು.' ಡ್ರೈವರ್‌ಗಳು ನಕ್ಕರು. ನಾನೂ ನಕ್ಕೆ. ಎಲ್ಲಾರಿಗಿಂತ ಜೋರು ನಾನ ನಕ್ಕೆ. ಪುಸ್ತಕ ನನ್ನ ಮೊಣಕೈ ಕೆಳಗನ ಇತ್ತು. ಒಂದು ಹಾಳಿ ತಿರುವಿದ್ರ ಸಾಕಿತ್ತು. ನೀವು ಹೋಗಲಿಲ್ಲ. ಊಟದ ಗಂಟಿ ಹೊಡಿಯೂ ತನಕ ಅಲ್ಲೇ ನಿಂತ್ರಿ. ನಾ ಕಿಡಕಿ ಹಾಕ್ಕೊಂಡೆ. ಮಿಸ್ತ್ರಿ ನಿಮ್ಮ ಅರ್ಧ ದಿನ ಕೊಯ್ದ.

ಅದನ್ನೂ ಬರದೀರಿ. ನಿಮಗ ಮೋಸ ಆದ ಮ್ಯಾಲೂ ನಿಮ್ಮ ಗ್ವಾಡಿ ಮ್ಯಾಲೆ ಅರ್ಧಾನ ಬರದೀರಿ. ಪೂರಾ ಗೆರಿ ಎಳದಿದ್ರ ಯಾರು ಕೇಳಾಂವ ಇದ್ದ?

ಕಂಪ್ಯೂಟರ್ ನುಂಗಿಲ್ರಿ. ನಾ ನುಂಗೇನಿ. ಅರ್ಧಾ ನಕ್ಕು ನುಂಗೇನಿ, ಎಪ್ಪತ್ತೆರಡು ಸುಮ್ಮನಿದ್ದು ನುಂಗೇನಿ. ಹಾಜರಿ ಕದಿಯೂದೂ ಕಳವ. ಕಿಸೆಗೆ ಕೈ ಹಾಕಿದಾಂವನ್ನ ಸ್ಟೇಶನ್ನಿಗೆ ಒಯ್ತಾರ, ನನಗ ಪರ್ಮನೆಂಟ್ ಮಾಡ್ಯಾರ.

ನಿಂದರ್ರಿ. ಈ ಚೀಲ ನೋಡ್ರಿ. ಇದರಾಗ... ನಾ ಸಹಿ ತಗೊಂಡು ಮೂರೂವರಿ ಗಾಡಿಗೆ ಹೋಗಬೇಕಂತ ಬಂದಾಂವ. ಇದನ್ನ ತಗದು ತೋರಸಬೇಕಂತ ಬಂದಿಲ್ಲ. ಖರೇ ಹೇಳ್ತೇನಿ. ನೀವು ಸಹಿ ಮಾಡಿದ್ರ ಹಂಗ ಹೊತಗೊಂಡು ಹೋಗತಿದ್ದೆ. ಇದು ಹಾಜರಿ ಪುಸ್ತಕ. ಉಳವಪ್ಪ ಮಾಸ್ತರ ಹೋದ ಮ್ಯಾಲೂ ವಾಚಮನ್ ದಿನಾ ಬಿಲ್ಲೆ ಎಣಿಸಿ ಗೆರಿ ಹೊಡದದ್ದು ಇದರಾಗನ ಐತಿ, ನಂಬರಿಗೆ ನಂಬರ. ಹನ್ನೊಂದು ಮಂದಿ ದಿನಾನೂ ಅದಾವ. ಮಾಲಕರು ರದ್ದಿಗೆ ಹಾಕಂದ್ರು. ನಾ ಹಾಕಿಲ್ಲ. ಯಾಕ ಹಾಕಿಲ್ಲ ಕೇಳಬ್ಯಾಡ್ರಿ, ಗೊತ್ತಿಲ್ಲ. ಎರಡು ತಿಂಗಳಾತು, ಆಫೀಸಿಗೆ ಒಯ್ತೇನಿ, ಮನಿಗೆ ತರತೇನಿ. ಲೇಬರ್ ಆಫೀಸಿನ ಮುಂದ ಎರಡು ಸಲ ಹೋಗಿ ನಿಂತೇನಿ. ಪಾವಟಿಗಿ ಹತ್ತಾಕ ಆಗಲಿಲ್ಲ. ಕಾಲು ಬರಲಿಲ್ರಿ. ಮತ್ತೂ ಬರೂದಿಲ್ಲ, ನನ್ನ ನನಗ ಗೊತ್ತೈತಿ. ನಾಳೆ ಮಾಲಕರು 'ಸಹಿ ಆತೇನೋ' ಅಂದ್ರ ನಾ ಏನಂತೇನಿ ಅದೂ ಗೊತ್ತಿಲ್ಲ.

ನಿಮ್ಮ ಕಾಲು ಬರತಾವ. ಹನ್ನೊಂದು ವರ್ಷ ಬಂದಾವ.

ಮರ ಕೆಳಗ ಇಡ್ರಿ. ಆ ಸಹಿ ಕಾಗದ ಹರೀರಿ. ಉಳದ ಹತ್ತೂ ಮಂದಿನ ಕರಕೊಂಡು ಲೇಬರ್ ಆಫೀಸಿಗೆ ಹೋಗಿ ಇದನ್ನ ಅಲ್ಲಿ ಮೇಜಿನ ಮ್ಯಾಲೆ ಇಡ್ರಿ, ಕಳವು ಮಾಡಿದಾಂವ ಶಿವಲಿಂಗ ಅಂತ ಅರ್ಜಿಯ ಮೊದಲನೇ ಸಾಲಿನಾಗ ಬರಸ್ರಿ, ಆಮ್ಯಾಲೆ ಮಾಲಕರ ಹೆಸರು ಬರಸ್ರಿ. ಎರಡೂ ಕೈ ಚಾಚ್ರಿ ಅಕ್ಕಾರ. ತಗೋರ್ರಿ. ನಾ ಮತ್ತ ಚೀಲದಾಗ ಹಾಕ್ಕೊಳ್ಳೂಕಿಂತ ಮೊದಲ ಕಸಗೊಳ್ರಿ ಇದನ್ನ.